ಮಧ್ಯಾಹ್ನದ ಪಿಚ್ಚರ್

ಮದುವೆಮನೆಯಲ್ಲೋ ಬಸ್ಸು ಕೆಟ್ಟು ನಿಂತ ಹೊತ್ತಿನಲ್ಲೋ ನಾಲ್ಕು ಜನ ಸೇರಿದರೆ ಸಾಕು, ಯಾರಾದರೊಬ್ಬರು ಈ ಮಾತು ತೆಗೆಯುತ್ತಾರೆ: ನೀವು ನೋಡಿದ ಪಿಚ್ಚರುಗಳಲ್ಲಿ ಅತೀ ಹೆದರಿಕೆಯಾದದ್ದು ಯಾವುದು? ಒಬ್ಬರು ತನ್ನಷ್ಟಕ್ಕೇ ತೆರೆದುಕೊಂಡ ಬಾಗಿಲಿನ ಕತೆ ಹೇಳುತ್ತಾರೆ, ಇನ್ನೊಬ್ಬರು ಮಂಚದಡಿಯಿಂದ ಬಂದ ಕೈಯ ಕತೆ. ಹೇಳುವಾಗ ಎಲ್ಲರ ಮುಖದಲ್ಲೂ ಏನು ಖುಷಿ! ನನ್ನ ಸರದಿ ಬಂದಾಗ ನಾನು ಚಹಾ ತರುತ್ತೇನೆ ಎಂದು ಎದ್ದು ಹೋಗುತ್ತೇನೆ. ಇವಳಿಗೆ ಜಂಬ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನನಗೇನು. ಆ ಪಿಚ್ಚರುಗಳ ಹೆಸರು ನನಗೆ ಒಂದೂ ನೆನಪಿಲ್ಲ ಎನ್ನುವುದು ನಿಜ. ಎಲ್ಲದರಲ್ಲೂ ಅದೇ ಹಾಳು ಬಂಗಲೆ, ಅದೇ ಮಂಜು, ಅದೇ ಬಿಳಿ ಸೀರೆ. ನನಗೆ ನೆನಪಿರುವುದು ಹೆಸರು ಬೀಳುವಾಗಿನ ಸಂಗೀತ ಮಾತ್ರ. ಆ ಸಂಗೀತ ಕಿವಿಗೆ ಬಿದ್ದ ಕೂಡಲೇ ನಮ್ಮ ಗುಲಾಬಿ ಚಿಕ್ಕಮ್ಮ ಮೀನು ಕೊಯ್ಯುವ ಮಣೆಯ ಮುಂದೆ ಕೂತಲ್ಲೇ ನಡುಗುತ್ತಿದ್ದಳು, ಅವಳ ಕೈಯಲ್ಲಿದ್ದ ಬಂಗುಡೆ ಜಾರಿ ನೆಲಕ್ಕೆ ಬೀಳುತ್ತಿತ್ತು.

ನಾವಿದ್ದದ್ದು ಡೊಂಬಿವಲಿ ಪೂರ್ವದಲ್ಲಿ, ಠಾಕುರ್ಲಿ ಕಡೆಗೆ ಹೋಗುವ ಹಳಿಗಳ ಪಕ್ಕದ ಒಂದು ಚಾಳಿನಲ್ಲಿ. ಹಂಚಿನ ಮಾಡು, ಸಾಲಾಗಿ ಖೋಲಿಗಳು, ಎದುರಿಗೆ ಓಣಿಯಷ್ಟೇ ಅಗಲದ ಅಂಗಳ, ಕೊನೆಯಲ್ಲಿ ನಲ್ಲಿ ಮತ್ತು ನಲ್ಲಿಯ ಜಗಳ. ನಮ್ಮ ಖೋಲಿಯಲ್ಲಿ ಅಪ್ಪ, ಅಮ್ಮ, ಅಜ್ಜಿ ಮತ್ತು ನಾನು. ಪಕ್ಕದ ಖೋಲಿಯಲ್ಲಿ ಅಪ್ಪನ ತಮ್ಮ ರಘು ಚಿಕ್ಕಪ್ಪ ಮತ್ತು ಅವನು ಕುಂದಾಪುರದ ಕಡೆಯಿಂದ ಮದುವೆಯಾಗಿ ತಂದ ಗುಲಾಬಿ ಚಿಕ್ಕಮ್ಮ. ಎರಡು ಖೋಲಿಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುತ್ತಿರಲಿಲ್ಲ. ಆಳೆತ್ತರಕ್ಕೆ ನಿಂತುಬಿಟ್ಟಿತ್ತು, ಮೇಲೆ ಬರೀ ಗಾಳಿ. ಆ ಸಂದಿಯಿಂದ ಬೆಂಕಿಪೆಟ್ಟಿಗೆ, ಉಪ್ಪಿನ ಡಬ್ಬಿ, ಹುಳಿ ಹಾಕಿದ ಬಟ್ಟಲು ಎಲ್ಲ ಆಚೀಚೆ ಓಡಾಡುತ್ತಿದ್ದವು. ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಅಪ್ಪ ಕಲ್ಯಾಣದಲ್ಲಿ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಬೆಳಕು ಹರಿಯುವ ಮುಂಚೆ ಲೋಕಲ್ ಹತ್ತಿದರೆ ನಾನು ಮಲಗಿದ ಮೇಲೆಯೇ ಬರುತ್ತಿದ್ದದ್ದು. ಮಂಗಳವಾರ ಅವರಿಗೆ ರಜೆ. ಆವತ್ತು ಮಾತ್ರ ಮನೆಯಲ್ಲಿ ಅಪ್ಪನ ಕೆಮ್ಮು ಕೇಳುತ್ತಿತ್ತು.

ರಘು ಚಿಕ್ಕಪ್ಪ ಕೇಬಲ್‌ನವನು. ಅಂದರೆ ಕೇಬಲ್ ಸೇಠನ ಹತ್ತಿರ ಕೆಲಸಕ್ಕಿದ್ದವನು. ಕಪ್ಪು ವಾಯರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಮಾಡಿನಿಂದ ಮಾಡಿಗೆ ಹಾರುತ್ತಿದ್ದ. ಮಾವಿನ ಮರಕ್ಕೂ ದೀಪದ ಕಂಬಕ್ಕೂ ಗಂಟು ಹಾಕಿ ಆಸುಪಾಸಿನ ಎಲ್ಲ ಮನೆಗಳಿಗೂ ಟಿವಿಯೊಳಗೆ ಪ್ರಪಂಚ ತಂದುಕೊಟ್ಟವನು ಅವನೇ. ಮಿಕ್ಕಿದ ವಾಯರಿನ ತುಂಡುಗಳು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಆಗುತ್ತಿದ್ದವು. ಅಮ್ಮ ಬಟ್ಟೆ ಒಣಗಿಸುತ್ತಿದ್ದದ್ದು ಅದರ ಮೇಲೆ, ಊರಿನಿಂದ ಬಂದ ಅಕ್ಕಿ ಮೂಟೆಯ ಬಾಯಿ ಕಟ್ಟಿದ್ದು ಅದರಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಸೇಠನ ಮಾಳಿಗೆಯ ಮೇಲಿನ ಪುಟ್ಟ ಕೋಣೆಯಲ್ಲಿ ಒಂದು ಕ್ಯಾಸೆಟ್ ಹಾಕಿದರೆ ಅದು ಸೀದಾ ಎಲ್ಲರ ಮನೆಯ ಟಿವಿಯಲ್ಲಿ ಬರುತ್ತಿತ್ತು. ಅದಕ್ಕೆ ಮಧ್ಯಾಹ್ನದ ಪಿಚ್ಚರ್ ಎಂದು ಹೆಸರು. ಯಾವ ಪಿಚ್ಚರ್ ಹಾಕಬೇಕೆಂದು ನಿರ್ಧರಿಸುತ್ತಿದ್ದವನು ರಘು ಚಿಕ್ಕಪ್ಪ. ಮಕ್ಕಳಾದ ನಮಗೆ ಅವನು ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ದೊಡ್ಡವರೂ ಏನು ಕಮ್ಮಿಯಿರಲಿಲ್ಲ. ಅವನ ಜೊತೆ ಮಾತು ಕೆಟ್ಟರೆ ಆ ರಾತ್ರಿಯೇ ಅವರ ಲೈನ್ ಕಟ್. ಒಂದು ಸಾರಿ ನಲ್ಲಿ ಜಗಳದಲ್ಲಿ ಬಾಯಿ ಮಾಡಿದ ಮನೆಯವರು ಒಂದು ತಿಂಗಳು ಟಿವಿಯಲ್ಲಿ ಬರೀ ಮಿಣಮಿಣ ಕಪ್ಪು-ಬಿಳಿ ಕಾಳು ನೋಡಿದರು. ಅಲ್ಲಿಂದ ಮುಂದೆ ಚಾಳಿನಲ್ಲಿ ಅವನಿಗೆ ಎದುರಾಡುವ ಬಾಯಿಯೇ ಇರಲಿಲ್ಲ.

ಕ್ಯಾಸೆಟ್ ಹಾಕಿ ಅವನು ಊಟಕ್ಕೆ ಮನೆಗೆ ಬರುತ್ತಿದ್ದ. ಪಿಚ್ಚರ್ ಮುಗಿಯುವವರೆಗೆ ಅವನಿಗೆ ಬಿಡುವು. ದೆವ್ವದ ಪಿಚ್ಚರ್ ಇದ್ದ ದಿನ ನಮ್ಮ ಖೋಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮದು ಕಲರ್ ಟಿವಿ, ಚಿಕ್ಕಪ್ಪನೇ ಎಲ್ಲಿಂದಲೋ ತಂದದ್ದು. ಎದುರು ಖೋಲಿಯ ಶಿಂದೆ ಕಾಕು ಅಕ್ಕಿ ಮೊರ ಹಿಡಿದು ಬಂದು ಟಿವಿಗೆ ಅಂಟಿಕೊಂಡೇ ಕೂರುತ್ತಿದ್ದಳು. ಅವಳಿಗೆ ಮರಾಠಿ, ಪಿಚ್ಚರಿನ ಹಿಂದಿ ಬಿಟ್ಟರೆ ಕನ್ನಡದ ಒಂದಕ್ಷರ ಗೊತ್ತಿಲ್ಲ. ನಮ್ಮ ಅಜ್ಜಿಗೆ ಕುಂದಾಪುರದ ಕನ್ನಡ ಬಿಟ್ಟರೆ ಮೀನಿನವಳ ಜೊತೆ ಚೌಕಾಸಿ ಮಾಡುವಷ್ಟು ಮರಾಠಿ, ಅಷ್ಟೇ. ಆದರೂ ಇಬ್ಬರೂ ದಿನವಿಡೀ ಮಾತಾಡಿಕೊಂಡೇ ಇರುತ್ತಿದ್ದರು, ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ದೆವ್ವದ ಪಿಚ್ಚರ್ ನೋಡಿ ಹೆದರದ ಒಂದೇ ಜೀವ ಅಜ್ಜಿ. ಅವಳಿಗೆ ಬರುತ್ತಿದ್ದದ್ದು ಸಿಟ್ಟು. ಊರಿನ ಮೂಲದ ಮನೆಯಲ್ಲಿ ದೈವದ ದರ್ಶನ ನೋಡಿಕೊಂಡೇ ಬೆಳೆದವಳು ಅವಳು. ಭೂತವೆಂದರೆ ಅವಳಿಗೆ ಓಡಿಸುವ ವಸ್ತುವಲ್ಲ, ಮನೆಯ ಹಿರಿಯರ ಹಾಗೆ. ಸಿಟ್ಟು ಬಂದರೆ ಮೈಮೇಲೆ ಬರುತ್ತದೆ. ಬಂದಾಗ ಕೈಮುಗಿದು, ಏನು ತಪ್ಪಾಯಿತು, ಏನಾಗಬೇಕು ಎಂದು ಕೇಳಬೇಕು. ಅದು ನುಡಿ ಕೊಡುತ್ತದೆ. ಆ ನುಡಿ ಅರ್ಥವಾಗದಿದ್ದರೆ ನಡುವೆ ಒಬ್ಬ ಮಧ್ಯಸ್ಥ ನಿಂತು ಬಿಡಿಸಿ ಹೇಳುತ್ತಾನೆ. ಪಿಚ್ಚರಿನಲ್ಲಿ ಹೀರೋ ತ್ರಿಶೂಲ ಎತ್ತಿಕೊಂಡು ದೆವ್ವದ ಹೊಟ್ಟೆಗೆ ತಿವಿಯುವಾಗ ಅಜ್ಜಿ ಟಿವಿಗೇ ಬೈಯುತ್ತಿದ್ದಳು:

"ಥೂ ನಿನ್ನ ಜನ್ಮಕ್ಕೆ! ಕುತ್ತುಕೆ ಮುಂಚೆ ಒಂದ್ ಮಾತ್ ಕೇಣುಕಾತಿಲ್ಯಾ? ಅದ್ಕೆ ಎಂತ ಬೇಕಂಬ್ದ್ ಒಬ್ನಾರೂ ಕೇಂಡನಾ ಕಾಣ್!"

ಗುಲಾಬಿ ಚಿಕ್ಕಮ್ಮನಿಗೆ ಆಗ ಇಪ್ಪತ್ತು ದಾಟಿತ್ತೋ ಇಲ್ಲವೋ. ಅವಳಿಗೂ ಹಿಂದಿ ಬರುತ್ತಿರಲಿಲ್ಲ. ಬೆಳಗ್ಗೆ ನೀರು ಹೊರುವಾಗ ನನ್ನ ಜಡೆ ಎಳೆದು ನಗಿಸುತ್ತಿದ್ದಳು, ಗಂಡಸರ ಹಾಗೆ ಸಿಳ್ಳೆ ಹೊಡೆಯಲು ಬರುತ್ತಿತ್ತು, ಅಮ್ಮನಿಗಿಂತ ತೆಳ್ಳಗೆ ನೀರ್‌ದೋಸೆ ಹೊಯ್ಯುತ್ತಿದ್ದಳು. ಅಂಥವಳು ಟಿವಿಯಲ್ಲಿ ಹೆಸರು ಬೀಳುವಾಗಲೇ ಬೆವರುತ್ತಿದ್ದಳು. ದೆವ್ವ ಇನ್ನೂ ಬಂದೇ ಇರುತ್ತಿರಲಿಲ್ಲ, ಹೀರೋಯಿನ್ ಇನ್ನೂ ಪಿಕ್‌ನಿಕ್ಕಿಗೆ ಹೊರಟೇ ಇರುತ್ತಿರಲಿಲ್ಲ, ಇವಳು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗುತ್ತಿದ್ದಳು. ಚಾಳಿನವರೆಲ್ಲ ಅವಳನ್ನು ಹೆದರುಪುಕ್ಕಲಿ ಎಂದು ಆಡಿಕೊಂಡು ನಗುತ್ತಿದ್ದರು. ನಾನೂ ಹಿಂದಿನಿಂದ ಹೋಗಿ 'ಬೋ' ಎಂದು ಕೂಗಿದ್ದುಂಟು. ಅಷ್ಟರಲ್ಲಿ ಹೊರಗೆ ಚಿಕ್ಕಪ್ಪನ ಚಪ್ಪಲಿಯ ಸದ್ದು. "ಊಟ ಬಡ್ಸ್" ಎಂದು ಒಂದೇ ಮಾತು. ಅವಳು ಎದ್ದು ಪಕ್ಕದ ಖೋಲಿಗೆ ಹೋಗುತ್ತಿದ್ದಳು, ಬಾಗಿಲಿಗೆ ಅಗಳಿ ಬೀಳುತ್ತಿತ್ತು. ಟಿವಿಯಲ್ಲಿ ಯಾರೋ ಕಿಟಾರನೆ ಕಿರುಚುತ್ತಿದ್ದರು, ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು.

ಒಂದು ದಿನ ಪಿಚ್ಚರಿನಲ್ಲಿ ಒಬ್ಬಳು ಹುಡುಗಿ ಕನ್ನಡಿಯ ಮುಂದೆ ತಲೆ ಬಾಚುತ್ತಾ ಕೂತಿದ್ದಳು. ಸಂಗೀತವಿಲ್ಲ, ಮಾತಿಲ್ಲ. ಹಿಂದೆ ಏನೋ ಬರಲಿಕ್ಕಿದೆ ಎಂದು ಎಲ್ಲರಿಗೂ ಗೊತ್ತು. ಆಗ ಒಂದು ಕಿರುಚಾಟ ಕೇಳಿತು. ಪಿಚ್ಚರಿನ ಹುಡುಗಿ ಬಾಯಿ ತೆರೆದಿರಲಿಲ್ಲ, ಅವಳು ಬಾಚುತ್ತಲೇ ಇದ್ದಳು. ಕಿರುಚಾಟದ ಹಿಂದೆಯೇ ಒಂದು ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬೀಸಿ ಒಗೆದಂತೆ. ಮತ್ತೆ ಕಿರುಚಾಟ. ಅದು ಗೋಡೆಯ ಮೇಲಿನ ಸಂದಿಯಿಂದ ಬರುತ್ತಿತ್ತು. ನಾನು ಖೋಲಿಯಲ್ಲಿದ್ದ ಹೆಂಗಸರನ್ನೆಲ್ಲ ನೋಡಿದೆ. ಯಾರೂ ಗೋಡೆಯ ಕಡೆ ತಿರುಗಲಿಲ್ಲ. ಅಮ್ಮನ ಕಣ್ಣು ಟಿವಿಯ ಮೇಲೆ ನೆಟ್ಟಿತ್ತು, ಕೈಯಲ್ಲಿದ್ದ ಬೆಳ್ಳುಳ್ಳಿಯ ಎಸಳು ಸಿಪ್ಪೆ ಸಮೇತ ಪುಡಿಯಾಗಿತ್ತು. ಶಿಂದೆ ಕಾಕು ಕೂತಲ್ಲಿಂದಲೇ ಮುಂದೆ ಬಗ್ಗಿ ಟಿವಿಯ ಸದ್ದು ದೊಡ್ಡದು ಮಾಡಿದಳು. ಅವಳು ಯಾವಾಗಲೂ ಅಷ್ಟು ಹತ್ತಿರ ಕೂರುತ್ತಿದ್ದದ್ದು ಯಾಕೆ ಎಂದು ಆವತ್ತು ನನಗೆ ತಿಳಿಯಿತು.

ಮಕ್ಕಳಿಗೆ ಒಮ್ಮೆ ತಿಳಿದರೆ ಎಲ್ಲ ಒಟ್ಟಿಗೇ ತಿಳಿಯುತ್ತದೆ. ಚಿಕ್ಕಪ್ಪ ಬೆಳಗ್ಗೆ ಜಗಳ ಮಾಡುತ್ತಿರಲಿಲ್ಲ. ಸಾರಿಗೆ ಹುಳಿ ಹೆಚ್ಚಾದರೆ, ಅವಳು ಹಾಲಿನವನ ಜೊತೆ ನಕ್ಕರೆ, ಅಂಗಿಯ ಇಸ್ತ್ರಿ ಸರಿಯಾಗದಿದ್ದರೆ, ಮೀಸೆಯಲ್ಲೇ ನಕ್ಕು "ಮಧ್ಯಾಹ್ನ ಕಾಂಬ" ಎನ್ನುತ್ತಿದ್ದ, ಮಧ್ಯಾಹ್ನ ನೋಡೋಣ ಎಂದು, ಅಷ್ಟೇ. ಹಾಗಂದ ದಿನ ಮಧ್ಯಾಹ್ನ ದೆವ್ವದ ಪಿಚ್ಚರ್ ಬರುತ್ತಿತ್ತು. ಬೇರೆ ದಿನ ಹಾಡು, ಹಾಸ್ಯ, ಅಳುಬುರುಕ ಸಂಸಾರದ ಕತೆ. ಅಂಥ ಪಿಚ್ಚರಿನ ದಿನ ಅವನು ಉಂಡು ಸುಮ್ಮನೆ ಮಲಗುತ್ತಿದ್ದ. ಇಡೀ ಚಾಳಿನ ಟಿವಿಗಳೆಲ್ಲ ಒಟ್ಟಿಗೆ ಕಿರುಚುವಾಗ ಒಬ್ಬಳ ಕಿರುಚಾಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ ಎಂದು ಅವನು ಕಂಡುಕೊಂಡಿದ್ದ. ಎಂಥಾ ತಲೆ ನೋಡಿ! ಆ ತಲೆ ಒಳ್ಳೆಯದಕ್ಕೆ ಓಡಿದ್ದರೆ ಕೇಬಲ್ ಸೇಠನನ್ನೇ ಕೊಂಡುಕೊಳ್ಳುತ್ತಿದ್ದನೋ ಏನೋ. ಒಂದು ಸಾರಿ ನಾನು ಅವನ ಕೈ ಹಿಡಿದು ಬೇಡಿದೆ.

"ಚಿಕ್ಕಪ್ಪ, ಇವತ್ತ್ ನಗೆ ಪಿಚ್ಚರ್ ಹಾಕ್ ಅಕಾ?"

"ಎಂತಕೆ ಶಾರು? ಹೆದ್ರಿಕಿ ಆತ್ತಾ?" ನನ್ನ ಗಲ್ಲ ಹಿಂಡಿ ನಕ್ಕ. "ಇವತ್ತ್ ದೆವ್ವದ್ದೇ."

ಆವತ್ತು ಸಂಜೆ ನಲ್ಲಿಯಡಿ ನೀರು ಹಿಡಿಯಲು ಕೂತ ಚಿಕ್ಕಮ್ಮನ ರವಿಕೆಯ ಬೆನ್ನು ಮೇಲೆ ಸರಿದಾಗ ನಾನು ನೋಡಿದೆ. ಉದ್ದುದ್ದ ಬಾಸುಂಡೆಗಳು, ಹಳೆಯವು ಹಳದಿ, ಹೊಸವು ಕಪ್ಪು. ಒಂದೆರಡು ಕಡೆ ಚರ್ಮ ಒಡೆದು ರಕ್ತ ರವಿಕೆಗೆ ಅಂಟಿಕೊಂಡಿತ್ತು. ಪ್ರತಿ ಗೆರೆಯೂ ನಮ್ಮ ಬಟ್ಟೆಯ ವಾಯರಿನಷ್ಟೇ ದಪ್ಪ. ಆಮೇಲೆ ಅಮ್ಮ ಒಣಗಲು ಹಾಕಿದ ನನ್ನ ಯೂನಿಫಾರಂ ಆ ವಾಯರಿನ ಮೇಲಿಂದ ತೆಗೆಯಲು ನನಗೆ ಅಸಹ್ಯವಾಗುತ್ತಿತ್ತು. ಅಮ್ಮನನ್ನು ಕೇಳಿದರೆ ನನ್ನ ಬಾಯಿಗೆ ಒಂದು ಪೆಟ್ಟು ಬಿತ್ತು, ಬಾಯಿ ಮುಚ್ಚು ಎಂದು. ಅಜ್ಜಿಯನ್ನು ಕೇಳಿದೆ. ಅವಳು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದಳು. "ಮಗ ಅಂದ್ ಹೇಳಿ ಬಾಯಿ ಕಟ್ಟತ್ ಹೆಣೆ" ಎಂದಳು. ಅವಳ ಮೇಲೂ ನನಗೆ ಸಿಟ್ಟು ಬಂತು.

ಆ ಸೋಮವಾರದ ಸಂಗತಿ ಹೇಳುತ್ತೇನೆ. ಊರಿನಲ್ಲಿ ಚಿಕ್ಕಮ್ಮನ ತಂಗಿಯ ಮದುವೆ ಗೊತ್ತಾಗಿತ್ತು. ಹೋಗಬೇಕು ಎಂದು ಬೆಳಗ್ಗೆ ಅವಳು ಕೇಳಿದ್ದು ಗೋಡೆಯ ಮೇಲಿಂದ ನಮಗೆಲ್ಲ ಕೇಳಿಸಿತು. ಅವನು "ಮಧ್ಯಾಹ್ನ ಕಾಂಬ" ಅಂದದ್ದೂ ಕೇಳಿಸಿತು. ಮಧ್ಯಾಹ್ನ ಟಿವಿಯಲ್ಲಿ ಹೆಸರು ಬಿದ್ದವು. ಆದರೆ ಚಿಕ್ಕಮ್ಮ ಆವತ್ತು ನಡುಗಲಿಲ್ಲ. ಟಿವಿಯನ್ನೇ ದಿಟ್ಟಿಸಿ ಕೂತಳು. ತೆರೆಯ ಮೇಲೆ ಬಿಳಿ ಸೀರೆಯ ಹೆಂಗಸು ಕೂದಲು ಬಿಚ್ಚಿ ಒಬ್ಬ ಗಂಡಸಿನ ಕತ್ತು ಹಿಸುಕುತ್ತಿದ್ದಳು. ಬಾಗಿಲಲ್ಲಿ ಚಿಕ್ಕಪ್ಪ ಬಂದು ನಿಂತು "ಊಟ ಬಡ್ಸ್" ಅಂದ. ಅವಳು ಏಳಲಿಲ್ಲ. ಅವನು ಒಳಗೆ ಬಂದು ಎಲ್ಲರ ಎದುರಿಗೇ ಅವಳ ಜಡೆಗೆ ಕೈ ಹಾಕಿ ಎಳೆದ. ಜಡೆ ಬಿಚ್ಚಿಕೊಂಡಿತು. ಅವಳು ತಿರುಗಿ ಅವನ ಮುಂಗೈಗೆ ಹಲ್ಲು ಹಾಕಿದಳು. ಕಚ್ಚಿ ಹಿಡಿದವಳು ಬಿಡಲೇ ಇಲ್ಲ. ಅವನು ಇನ್ನೊಂದು ಕೈಯಿಂದ ಅವಳ ತಲೆಗೆ, ಕಿವಿಗೆ, ಮೂಗಿಗೆ ಗುದ್ದಿದ. ಬಿಟ್ಟಾಗ ಅವಳ ಗದ್ದದಿಂದ ಇಳಿಯುತ್ತಿದ್ದ ರಕ್ತ ಯಾರದೆಂದು ಹೇಳುವಂತಿರಲಿಲ್ಲ. ಆಮೇಲೆ ಅವಳ ಬಾಯಿಂದ ಬಂದದ್ದು ಹಿಂದಿ.

"ಸೌ ಸಾಲ್ ಸೇ ಭೂಕೀ ಹೂಂ! ಕಿಸೀ ಕೋ ನಹೀ ಛೋಡೂಂಗಿ!"

ನೂರು ವರ್ಷದಿಂದ ಹಸಿದಿದ್ದೇನೆ, ಯಾರನ್ನೂ ಬಿಡುವುದಿಲ್ಲ. ತರಕಾರಿಯವನ ಹತ್ತಿರ ಬೆರಳು ತೋರಿಸಿ ಸಾಮಾನು ತರುವ ಗುಲಾಬಿ ಚಿಕ್ಕಮ್ಮ! ಧ್ವನಿಯೂ ಅವಳದಲ್ಲ, ಹೊಟ್ಟೆಯಿಂದ ಬಂದ ಒರಟು ಧ್ವನಿ. ಹೆಂಗಸರು ಮೊರ, ಚೆಂಬು ಬಿಟ್ಟು ಎದ್ದು ಬಿದ್ದು ಓಡಿದರು. ಚಿಕ್ಕಪ್ಪ ಅವಳನ್ನು ಕೂದಲು ಹಿಡಿದು ಎಳೆದೊಯ್ದು ತನ್ನ ಖೋಲಿಯಲ್ಲಿ ಹಾಕಿ ಹೊರಗಿನಿಂದ ಬೀಗ ಜಡಿದ. ದೆವ್ವ ಹಿಡಿದಿದೆ, ನಾಳೆ ಬಿಡಿಸುತ್ತೇನೆ ಎಂದು ಇಡೀ ಚಾಳಿಗೆ ಕೇಳುವ ಹಾಗೆ ಹೇಳಿ, ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಹೋದ. ಬೀಗದ ಹಿಂದೆ ಅವಳು ಅದೇ ಮಾತು ಕೂಗುತ್ತಲೇ ಇದ್ದಳು. ಗೋಡೆಯ ಮೇಲಿಂದ ಒಂದು ಲೋಟ ನೀರು ಕೊಡುತ್ತೇನೆಂದು ನಾನು ಹೋದರೆ ಅಮ್ಮ ನನ್ನನ್ನು ಎಳೆದು ಕೂರಿಸಿದಳು.

ಮರುದಿನ ಬೆಳಗ್ಗೆ ನನ್ನನ್ನು ಶಾಲೆಗೆ ಕಳಿಸುವುದು ಯಾರಿಗೂ ನೆನಪಾಗಲಿಲ್ಲ. ಠಾಕುರ್ಲಿಯ ಹಿನ್ನೀರ ಖಾಡಿಯ ಕಡೆಯಿಂದ ಚಿಕ್ಕಪ್ಪ ಒಬ್ಬ ಭಗತನನ್ನು ಕರೆತಂದ. ದೆವ್ವ ಬಿಡಿಸುವವನಿಗೆ ಅಲ್ಲಿ ಭಗತ ಎನ್ನುತ್ತಾರೆ. ಗಡ್ಡ, ಕೊರಳಲ್ಲಿ ಕವಡೆ ಸರ, ಕೈಯಲ್ಲಿ ಹೊಸ ಹಿಡಿಸೂಡಿ, ಕಡ್ಡಿಯ ಪೊರಕೆ. ಅಂಗಳದಲ್ಲಿ ಜಾಗ ಹಿಡಿಯಲು ಜನ ಸ್ಟೂಲು ತಂದಿದ್ದರು, ಅಯ್ಯೋ ದೇವರೆ, ನಿಜವಾಗಿ ಸ್ಟೂಲು ತಂದಿದ್ದರು! ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಇಬ್ಬರು ಗಂಡಸರು ಚಿಕ್ಕಮ್ಮನ ತೋಳು ತಿರುಚಿ ಹಿಡಿದರು. ಭಗತ ಕೆಂಡದ ಮೇಲೆ ಒಣಮೆಣಸು ಸುರಿದು ಅವಳ ಮುಖವನ್ನು ಹೊಗೆಗೆ ಬಗ್ಗಿಸಿದ. ಅವಳು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಳು. ಹೊಟ್ಟೆಯಲ್ಲಿ ಏನೂ ಇಲ್ಲದೆ ಬರೀ ಹಳದಿ ನೀರು ಬಂತು. ಹಿಡಿಸೂಡಿಯ ಬುಡದಿಂದ ಅವಳ ಬಾಯಿಗೇ ಬಾರಿಸಿದ, ತುಟಿ ಎರಡು ಹೋಳಾಯಿತು. "ಬೋಲ್, ಕೋಣ್ ಆಹೇಸ್ ತೂ? ಜಾತೇಸ್ ಕೀ ನಾಹೀ?" ಯಾರು ನೀನು, ಹೋಗುತ್ತೀಯೋ ಇಲ್ಲವೋ. ಅವನು ಕೇಳುತ್ತಿದ್ದ, ಆದರೆ ಉತ್ತರಕ್ಕೆ ಕಾಯುತ್ತಿರಲಿಲ್ಲ. ಅವಳ ಬಾಯಿಂದ ಮತ್ತೆ ಅದೇ ನೂರು ವರ್ಷದ ಹಸಿವು. ಆಗ ಚಿಕ್ಕಪ್ಪ ಒಳಗಿನಿಂದ ಸ್ಟವ್ ತಂದು ಪಂಪು ಹೊಡೆದ. ಭಗತ ಅದರ ಮೇಲೆ ಚಿಮಟ ಇಟ್ಟ. ಅದರ ತುದಿ ನಿಧಾನವಾಗಿ ಕೆಂಪಾಗತೊಡಗಿತು. ಕಣ್ಣಿನ ಪಕ್ಕ ಒಂದು ಬರೆ ಎಳೆದರೆ ಹೋಗುತ್ತದೆ ಎಂದ. ಅಪ್ಪ ಕಂಬಕ್ಕೆ ಒರಗಿ ಕೆಮ್ಮುತ್ತಿದ್ದರು. ನಾನು ಅಪ್ಪನ ಅಂಗಿ ಎಳೆದೆ, ಹೊಟ್ಟೆಗೆ ಗುದ್ದಿದೆ. ಅವರು ನನ್ನ ತಲೆ ಸವರಿದರು, ಅಷ್ಟೇ.

"ನಿಲ್ಸಿ!"

ಅಜ್ಜಿ. ಮಿಂದು ಒದ್ದೆ ಕೂದಲಿಗೆ ಗಂಟು ಹಾಕಿಕೊಂಡಿದ್ದಳು. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಅರಸಿನ ನೀರಿನ ಚೆಂಬು. ಜನ ದಾರಿ ಬಿಟ್ಟರು. ಅವಳು ಬಂದು ಸ್ಟವ್ವಿನ ಮೇಲೆ ಚೆಂಬು ಬೋರಲು ಹಾಕಿದಳು. ಚಿಮಟ ಚುಂಯ್ ಎಂದಿತು.

"ಇದ್ ಯಾರ್ ಕಲ್ಸಿದ ಪದ್ಧತಿ? ಬಂದವ್ರನ್ ಬಡುದಾ? ಬಿಡ್ರಾ ಕೈ!"

ಹಿಡಿದವರಿಗೆ ಭಾಷೆ ತಿಳಿಯದಿದ್ದರೂ ಕೈ ಬಿಟ್ಟರು. ಅಜ್ಜಿ ಚಿಕ್ಕಮ್ಮನ ಎದುರು ತೆಂಗಿನಕಾಯಿ ಇಟ್ಟು, ನೆಲದ ಮೇಲೆ ಮಂಡಿಯೂರಿ, ಕೈಮುಗಿದಳು. ಸೊಸೆಗೆ ಅತ್ತೆ ಕೈಮುಗಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಂದವ್ರ್ ಯಾರಂದ್ ಗೊತ್ತಿಲ್ಲೆ. ನಮ್ಮನಿಯಲ್ಲಿ ತಪ್ಪಾಯ್ತ್. ಎಂತ ಆಯ್ಕ್, ನುಡಿ ಕೊಡ್ಕ್."

ಚಿಕ್ಕಮ್ಮ ಊದಿದ ಕಣ್ಣು ತೆರೆದು ಅಜ್ಜಿಯನ್ನು ನೋಡಿದಳು. "ಸೌ ಸಾಲ್ ಸೇ ಭೂಕೀ ಹೂಂ." ಈ ಸಲ ಕೂಗಲಿಲ್ಲ, ಧ್ವನಿ ಒಡೆದಿತ್ತು.

ಅಜ್ಜಿ ಸುತ್ತ ನೋಡಿದಳು. ಅವಳ ದೈವಗಳು ಯಾವುವೂ ಹಿಂದಿಯಲ್ಲಿ ನುಡಿ ಕೊಟ್ಟವಲ್ಲ. ಅಪ್ಪನ ಮುಖ ನೋಡಿದಳು, ಬೇಡವೆನಿಸಿತೋ ಏನೋ. ನನ್ನ ಕಡೆ ಕೈ ಚಾಚಿದಳು.

"ಶಾರೂ, ನೀ ಬಾ. ಮಧ್ಯಸ್ಥಿಕಿಗೆ ನಿಲ್ಲ್. ಎಂತ ಹೇಳ್ತ್ ಅದ್?"

ನಾನು ಅಜ್ಜಿಯ ಪಕ್ಕ ಹೋಗಿ ನಿಂತೆ. "ಹಸು ಅಂಬ್ರ್" ಎಂದೆ, ಹಸಿವೆಯಂತೆ ಎಂದು.

"ಹಸು ಇಲ್ದೆ ಇರತ್ತಾ? ನಿನ್ನೆ ಮಧ್ಯಾಹ್ನದಿಂದ ಉಂಬುಕ್ ಕೊಟ್ಟಿರಾ?" ಅಜ್ಜಿ ಚಿಕ್ಕಪ್ಪನ ಕಡೆ ತಿರುಗಿ ಕೇಳಿ, ಅಮ್ಮನಿಗೆ ಸನ್ನೆ ಮಾಡಿದಳು. ಅಮ್ಮ ಓಡಿ ಹೋಗಿ ಗಂಜಿ ತಂದಳು. ದೆವ್ವ ಗಂಜಿ ಕುಡಿಯಿತು. ಹೋಳಾದ ತುಟಿಯಿಂದ ಅರ್ಧ ಗಂಜಿ ಕೆಂಪಾಗಿ ಕೆಳಗಿಳಿಯಿತು. ಲೋಟ ಕೆಳಗಿಟ್ಟು ಅದು ಇನ್ನೊಂದು ಮಾತು ಹೇಳಿತು:

"ಇಸ್ ಹವೇಲಿ ಸೇ ಕೋಯೀ ಜಿಂದಾ ನಹೀ ಜಾಯೇಗಾ."

ಈ ಬಂಗಲೆಯಿಂದ ಯಾರೂ ಜೀವಂತ ಹೋಗುವುದಿಲ್ಲ. ಬಂಗಲೆ! ಕಾಲು ಚಾಚಿದರೆ ಗೋಡೆಗೆ ತಾಗುವ ಖೋಲಿ ನಮ್ಮದು. ಪಿಚ್ಚರಿನಲ್ಲಿ ಕೇಳಿದ್ದನ್ನು ಇದ್ದಹಾಗೇ ಉದುರಿಸುತ್ತಿದ್ದಾಳೆ, ಅದನ್ನು ನಾನು ಹಾಗೇ ಕನ್ನಡದಲ್ಲಿ ಹೇಳಿದರೆ ಭಗತ ಮತ್ತೆ ಸ್ಟವ್ ಹಚ್ಚುತ್ತಾನೆ. ನಾನು ಚಿಮಟ ನೋಡಿದೆ. ಅದಿನ್ನೂ ಭಗತನ ಕೈಯಳತೆಯಲ್ಲೇ ಇತ್ತು.

"ಅಬ್ಬಿ ಮನಿಗೆ ಹೋಯ್ಕ್ ಅಂಬ್ರ್" ಎಂದೆ, ತವರಿಗೆ ಹೋಗಬೇಕಂತೆ ಎಂದು. "ತಂಗಿ ಮದಿಗೆ. ಮತ್ ಇಲ್ಲಿಗ್ ಬತ್ತಿಲ್ಲೆ ಅಂಬ್ರ್."

"ಆಯ್ತ್, ಹೋಪುದೇ ಸೈ. ಮತ್ತೆಂತ?"

"ಕಿಸೀ ಕೋ ನಹೀ ಛೋಡೂಂಗಿ."

"ಚಿಕ್ಕಪ್ಪ ಹೊಡುವ ವಾಯರ್ ತಕಂಡ್ ಬರ್ಕ್ ಅಂಬ್ರ್. ಅದರ ಕೈಯಲ್ಲಿ ಕೊಡ್ಕ್ ಅಂಬ್ರ್."

ಯಾವ ಬಾಯಿಂದ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ. ಚಿಕ್ಕಪ್ಪ ಮುಂದೆ ನುಗ್ಗಿದ.

"ಸುಳ್ಳ್! ಅದ್ ಹಂಗ್ ಹೇಳ್ಲೇ ಇಲ್ಲೆ! ನಂಗೆ ಹಿಂದಿ ಬತ್ತಿಲ್ಯಾ? ಅಣ್ಣಾ, ನೀ ಹೇಳ್, ಅದ್ ಹೇಳದ್ದ್ ಎಂತ?"

ದಿನವಿಡೀ ಗಲ್ಲೆಯಲ್ಲಿ ಹಿಂದಿ ಮಾತಾಡುವ ಅಪ್ಪ ನೆಲ ನೋಡಿದರು. "ನಂಗ್ ಸಮ ಕೇಣ್ಲಿಲ್ಲೆ" ಎಂದರು. ಎಲ್ಲ ಮುಗಿಯಿತು, ಇನ್ನು ನನ್ನ ಬೆನ್ನಿಗೂ ಆ ವಾಯರೇ ಎಂದುಕೊಂಡೆ. ಆಗ ಹಿಂದಿನಿಂದ ಅಮ್ಮನ ಧ್ವನಿ ಬಂತು. ನನ್ನ ಬಾಯಿಗೆ ಹೊಡೆದಿದ್ದ ಅಮ್ಮ.

"ನಂಗ್ ಕೇಂಡಿತ್. ಹೆಣ್ಣ್ ಹೇಳದ್ದೇ ಸಮ."

ಚಿಕ್ಕಪ್ಪ ಜನರ ಕಡೆ ತಿರುಗಿ ಹಿಂದಿಯಲ್ಲಿ ಕೂಗಿದ, ಈ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ, ನೀವೆಲ್ಲ ಕೇಳಿದಿರಲ್ಲ, ಹೇಳಿ ಎಂದು. ಸ್ಟೂಲಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಶಿಂದೆ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಪೋರೀನೆ ಬರೋಬರ್ ಸಾಂಗಿತಲಂ" ಎಂದಳು. ಹುಡುಗಿ ಸರಿಯಾಗೇ ಹೇಳಿದಳು. ಕನ್ನಡದ ಒಂದಕ್ಷರ ಬಾರದ ಶಿಂದೆ ಕಾಕುವಿಗೆ ನಾನು ಏನು ಹೇಳಿದೆನೆಂಬುದೇ ತಿಳಿದಿರಲಿಲ್ಲ. 'ವಾಯರ್' ಅನ್ನುವ ಒಂದು ಶಬ್ದ ಮಾತ್ರ ತಿಳಿದಿರಬೇಕು. ಯಾಕೆಂದರೆ ಅವಳು ಸೀದಾ ಚಿಕ್ಕಪ್ಪನ ಖೋಲಿಯೊಳಗೆ ಹೋಗಿ, ಬಾಗಿಲ ಹಿಂದಿನ ಮೊಳೆಯಿಂದ ಆ ಕಪ್ಪು ತುಂಡನ್ನು ಬಿಡಿಸಿ ತಂದಳು. ಹುಡುಕಬೇಕಾಗಲಿಲ್ಲ. ಅದು ಎಲ್ಲಿ ತೂಗುತ್ತದೆಂದು ಅವಳಿಗೆ ಗೊತ್ತಿತ್ತು.

ಅಜ್ಜಿ ವಾಯರನ್ನು ಎರಡೂ ಕೈಯಲ್ಲಿ ಹಿಡಿದು ಚಿಕ್ಕಮ್ಮನ ಮುಂದೆ ಚಾಚಿದಳು. ಆಮೇಲೆ ಕಿರಿಯ ಮಗನಿಗೆ ಹೇಳಿದಳು:

"ಕೈಮುಗ್ದ್ ನಿಲ್ಲ್. ದರ್ಶನದ ಎದ್ರ್ ಬೊಬ್ಬಿ ಹಾಕುಕಾಗ. ನಿನ್ನ ಅಪ್ಪನೂ ನಿಂತದ್ದ್, ಅಜ್ಜನೂ ನಿಂತದ್ದ್."

ಚಾಳೆಲ್ಲ ಹೆದರುವ ಗಂಡಸು ಕೈಮುಗಿದ. ಇದು ನಾಟಕವೆಂದು ಅವನ ಬುದ್ಧಿಗೆ ಗೊತ್ತಿತ್ತು, ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಬುದ್ಧಿ ಬರುವ ಮುಂಚೆಯೇ ಮೂಲದ ಮನೆಯ ಅಂಗಳದಲ್ಲಿ ಅವನಿಗೆ ಕಲಿಸಿದ ಹೆದರಿಕೆ ಅದಕ್ಕಿಂತ ಹಳೆಯದು. ಚಿಕ್ಕಮ್ಮ ಎದ್ದಳು. ಮೊದಲ ಏಟು ಅವನ ಭುಜಕ್ಕೆ ಬಿತ್ತು. ಅವನಿಗೇ ಆಶ್ಚರ್ಯವಾದ ಹಾಗೆ ಕಂಡಿತು. ಎರಡನೆಯದು ಮುಖಕ್ಕೆ, ಕಿವಿಯ ಅಂಚು ಸೀಳಿ ನೇತಾಡಿತು. ಆಮೇಲೆ ಎಷ್ಟು ಬಿದ್ದವೋ ನಾನು ಎಣಿಸಲಿಲ್ಲ. ಅವನು ಕೂತ, ಮಗುಚಿದ, ಕೈ ಅಡ್ಡ ಹಿಡಿದ. ಅವನ ಬಿಳಿ ಅಂಗಿಯ ಬೆನ್ನಿನ ಮೇಲೆ ಒಂದೊಂದೇ ಗೆರೆ ಮೂಡಿತು. ಅವನು ಕಿರುಚಿದ. ಅವ್ವಾ ಅಮ್ಮಾ ಎಂದು ಮಗುವಿನ ಹಾಗೆ ಕಿರುಚಿದ. ಬೆಳಗಿನ ಹೊತ್ತು, ಚಾಳಿನ ಯಾವ ಟಿವಿಯೂ ಹಚ್ಚಿರಲಿಲ್ಲ. ಆ ಕಿರುಚಾಟ ಮೊದಲ ಖೋಲಿಯಿಂದ ನಲ್ಲಿಯವರೆಗೆ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು. ಯಾರೂ ಎದ್ದು ಹೋಗಿ ಟಿವಿ ಹಚ್ಚಲಿಲ್ಲ. ನನಗೆ ಖುಷಿಯಾಯಿತು. ಹತ್ತು ವರ್ಷದ ಹುಡುಗಿಗೆ ರಕ್ತ ನೋಡಿ ಖುಷಿಯಾಗಬಾರದು ಎನ್ನುವವರು ಆ ರವಿಕೆಯ ಬೆನ್ನು ನೋಡಿರಲಿಲ್ಲ.

ವಾಯರು ಕೈಯಿಂದ ಜಾರಿದ ಮೇಲೆ ಚಿಕ್ಕಮ್ಮ ಅಜ್ಜಿಯ ಮಡಿಲಿಗೆ ಕುಸಿದಳು. ಭಗತ ಯಾವಾಗ ಹೋದನೋ, ಹಿಡಿಸೂಡಿ ಅಲ್ಲೇ ಬಿದ್ದಿತ್ತು. ಅಮ್ಮ ಬಹಳ ಕಾಲ ಅದರಲ್ಲೇ ಅಂಗಳ ಗುಡಿಸಿದಳು. ಅಜ್ಜಿ ಅಪ್ಪನ ಕಡೆ ತಿರುಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಕೂಗಿ ಹೇಳಿದ್ದು ಒಂದೇ ಮಾತು:

"ಕೆಮಿ ಕೇಣದ್ದವ್ನೆ, ಬಸ್ಸಿನ ಟಿಕೇಟಾರೂ ಮಾಡ್ ಹೋಗ್."

ಮಧ್ಯಾಹ್ನವೇ ನಮ್ಮ ಟಿವಿಯಲ್ಲಿ ಕಾಳು ಬಂತು, ಶಿಂದೆ ಕಾಕುವಿನದರಲ್ಲೂ. ಚಿಕ್ಕಪ್ಪ ಕಿವಿಗೆ ಬ್ಯಾಂಡೇಜು ಸುತ್ತಿಕೊಂಡೇ ಮಾಡು ಹತ್ತಿ ಲೈನ್ ಕತ್ತರಿಸಿದ್ದ. ಶಿಂದೆ ಕಾಕು ಮೊರ ಹಿಡಿದು ಬಂದು, ಕಾಳು ತುಂಬಿದ ಟಿವಿಯ ಎದುರೇ ಕೂತು ಅಕ್ಕಿ ಆರಿಸಿದಳು. ಈ ಸಲ ಸ್ವಲ್ಪ ದೂರ ಕೂತಿದ್ದಳು.

ಊರಿನ ಬಸ್ಸು ಕಲ್ಯಾಣದಲ್ಲಿ ಅಪ್ಪನ ಹೋಟೆಲಿನ ಎದುರಿನಿಂದಲೇ ಹೊರಡುತ್ತಿತ್ತು. ಮರುದಿನ ಸಂಜೆ ಚಿಕ್ಕಮ್ಮನನ್ನು ಹತ್ತಿಸಲು ರಜೆ ಹಾಕಿದ ಅಪ್ಪ, ನಾನು ಹೋದೆವು. ಅಮ್ಮ ತನ್ನ ಮದುವೆಯ ಸೀರೆ ಕೊಟ್ಟಿದ್ದಳು, ತಂಗಿಯ ಮದುವೆಗೆ ಉಡು ಎಂದು. ಚಿಕ್ಕಮ್ಮನ ಒಂದು ಕಣ್ಣು ಊದಿ ಪೂರ್ತಿ ಮುಚ್ಚಿತ್ತು. ಅಪ್ಪ ನೀರಿನ ಬಾಟಲಿ ತರಲು ಹೋದಾಗ ಅವಳು ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದಳು.

"ಶಾರೂ, ನಂಗ್ ಹಿಂದಿ ಬತ್ತಿಲ್ಲೆ ಮಗಾ. ಆ ಪಿಚ್ಚರಲ್ಲಿ ಅದ್ ಕೂಗ್ತಿತ್ತಲೆ, ಅದೇ ಬಾಯಿಗ್ ಬಂತ್. ನಾ ಹೇಳದ್ದರ ಅರ್ಥ ಎಂತ?"

ಬಂಗಲೆ, ನೂರು ವರ್ಷ ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತವು.

"ನಾನ್ ಹೇಳ್ದ್ನಲೆ, ಅದೇ."

"ಅಷ್ಟೂ ಅದೇಯಾ? ಅಬ್ಬಿ ಮನಿಗೆ ಹೋಪುದ್, ವಾಯರಿಂದ್, ಎಲ್ಲ?"

"ಹೌದ್. ಅಷ್ಟೂ ನೀನೇ ಹೇಳದ್ದ್."

ಡ್ರೈವರ್ ಹಾರ್ನ್ ಹೊಡೆದ. ಅವಳು ನನ್ನ ಕೈ ಬಿಟ್ಟು ಸೀಟಿಗೆ ಒರಗಿದಳು. "ಹಂಗಾರೆ ನಾನೇ ಹೇಳದ್ದ್" ಎಂದಳು, ನನಗಲ್ಲ, ತನಗೇ. ಆಮೇಲೆ ನಕ್ಕಳು. ನಕ್ಕ ರಭಸಕ್ಕೆ ತುಟಿಯ ಗಾಯ ಬಿಚ್ಚಿ ಮತ್ತೆ ರಕ್ತ ಬಂತು. ಸೆರಗಿನಿಂದ ಒರೆಸಿಕೊಳ್ಳುತ್ತಾ, ಬಸ್ಸು ತಿರುವು ದಾಟುವವರೆಗೂ ಅವಳು ನಗುತ್ತಲೇ ಇದ್ದಳು.